ವಾಪಸ್ ನೀರು

ಬೇಸಿಗೆ ಬಂತೆಂದರೆ ಕುಡಿಯುವ ನೀರಿನ ಗಡಿಗೆಗೆ ಗೋಣಿತಟ್ಟು ಸುತ್ತಿ, ಹೊತ್ತು ಹೊತ್ತಿಗೆ ನೀರು ಚಿಮುಕಿಸುವುದು ನನ್ನ ರೂಢಿ. ಮಗಳ ಮನೆಯಲ್ಲಿ ಫ್ರಿಜ್ ಇದೆ. ಅದರ ನೀರು ಹಲ್ಲಿಗೆ ತಾಗುತ್ತದೆ, ಗಂಟಲಿಗೆ ತಾಗುವುದಿಲ್ಲ. ಈ ವರ್ಷ ಗೋಣಿ ಸುತ್ತುವ ಮನಸ್ಸಿರಲಿಲ್ಲ. ನಮ್ಮ ಮನೆಯವರು ತೀರಿಕೊಂಡು ಮೂರು ತಿಂಗಳಾಗಿದೆ. ಆದರೂ ನಿನ್ನೆ ಕೈ ತಾನಾಗಿಯೇ ಆ ಕೆಲಸ ಮಾಡಿತು. ಒದ್ದೆ ಗೋಣಿಯ ವಾಸನೆ ಬಂದದ್ದೇ ತಡ, ಅಲ್ಲಿಯೇ ಗಡಿಗೆಯ ಪಕ್ಕ ಕುಳಿತೆ. ಅವರ ಮೈಯಿಂದ ಎಷ್ಟೋ ವರ್ಷ ಬರುತ್ತಿದ್ದುದು ಇದೇ ವಾಸನೆ.

"ಈ ಗೋಣಿ ಭಾಳ ವಿಚಿತ್ರದ ನೋಡು," ಅನ್ನುತ್ತಿದ್ದರು ಅವರು. "ಹಸಿ ಇದ್ರ ನೀರು ತಣ್ಣಗ ಇಡ್ತದ, ಒಣಗಿದ್ರ ಬಿಸಿ ಕಾಯ್ತದ. ನಿನ್ನಂಗ."

ನಾನು ಹಸಿ ಯಾವಾಗ, ಒಣಗಿದ್ದು ಯಾವಾಗ ಎಂದು ಕೇಳಿದರೆ ನಕ್ಕು ಹೊರಗೆ ಹೋಗುತ್ತಿದ್ದರು.

ಅವರು ಆಡಕಿ ಊರಿನ ಒಕ್ಕಲು ಮನೆತನದವರು. ಉರ್ದು ಶಾಲೆಯಲ್ಲಿ ಕಲಿತು, ಶಹಾಬಾದದ ಹೊರಗಿದ್ದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಆಗ ನಿಜಾಮರ ಆಳ್ವಿಕೆ. ಅದು ಮುಗಿಯಲು ಇನ್ನೆರಡು ಮೂರು ವರ್ಷ ಬಾಕಿ ಇತ್ತು ಎಂದು ಈಗ ಲೆಕ್ಕ ಹಾಕುತ್ತೇನೆ. ಆಗ ನಮಗೆ ಅದು ಗೊತ್ತಿರಲಿಲ್ಲ. ನಾನು ರಾವೂರದವಳು, ನಾಲ್ಕನೆಯ ತರಗತಿಯ ತನಕ ಮಠದ ಶಾಲೆಯಲ್ಲಿ ಓದಿದವಳು. ಮದುವೆಯಾಗಿ ಕಾರ್ಖಾನೆಯ ಲೈನ್ ಮನೆಗೆ ಬಂದೆ. ಹದಿನಾಲ್ಕು ಮನೆಗಳ ಒಂದು ಸಾಲು. ಮೊದಲನೆಯದು ಶರಣಮ್ಮನದು, ಕಡೆಯದು ನಮ್ಮದು.

ಕಾರ್ಖಾನೆಯಲ್ಲಿ ಕರೆಂಟು ಹುಟ್ಟಿಸುವ ಮನೆಯೊಂದಿತ್ತು. ಅಲ್ಲಿನ ಯಂತ್ರಗಳ ಮೈ ತಣಿಸಿದ ನೀರು ತಾನೇ ಕಾದು ಹೊಗೆಯಾಡುತ್ತ ಹಳೆಯ ಕಲ್ಲಿನ ಖಣಿಯೊಂದಕ್ಕೆ ಬೀಳುತ್ತಿತ್ತು. ಚಳಿಗಾಲದ ಮುಂಜಾನೆ ಆ ಖಣಿಯನ್ನು ನೀವು ನೋಡಬೇಕಿತ್ತು. ಒಂದು ದಂಡೆಗೆ ಎಮ್ಮೆಗಳು ಕಣ್ಣು ಮುಚ್ಚಿ ಕೂತಿರುತ್ತಿದ್ದವು, ಇನ್ನೊಂದು ದಂಡೆಗೆ ಗಂಡಸರು ಅವುಗಳಂತೆಯೇ ಕಣ್ಣು ಮುಚ್ಚಿ ಕೂತಿರುತ್ತಿದ್ದರು. ಹೆಂಗಸರಿಗೆ ಮಾತ್ರ ಆ ಸುಖ ಇರಲಿಲ್ಲ. ನಾವು ತೊಗರಿಕಟ್ಟಿಗೆ, ಸೆಗಣಿಯ ಕುಳ್ಳು ಉರಿಸಿ, ಕಣ್ಣಲ್ಲಿ ನೀರು ತಂದುಕೊಂಡು, ಮೈಗೆ ನೀರು ಕಾಸುತ್ತಿದ್ದೆವು.

ಆ ಕಾರ್ಖಾನೆಗೆ ಬಂದ ಇಂಜಿನಿಯರ್ ಸಾಹೇಬರು ಚಳಿದೇಶದಲ್ಲಿ ಕೆಲಸ ಮಾಡಿದವರಂತೆ. ಅಲ್ಲಿಯ ಸಂಗತಿ ಸಾಹೇಬರು ನಮ್ಮ ಮನೆಯವರಿಗೆ ಹೇಳುವುದು, ಇವರು ಊಟಕ್ಕೆ ಕುಳಿತಾಗ ನನಗೆ ಹೇಳುವುದು. ಅಲ್ಲಿ ಊರಿಗೆಲ್ಲ ಒಂದೇ ಒಲೆಯಂತೆ. ಮೊದಮೊದಲು ಉಗಿಯನ್ನೇ ಪೈಪಿನಲ್ಲಿ ಬಿಡುತ್ತಿದ್ದರು. ಅದು ದೂರ ಹೋಗುವುದರೊಳಗೆ ದಾರಿಯಲ್ಲಿಯೇ ನೀರಾಗಿ ತೊಂದರೆ ಕೊಡುತ್ತಿತ್ತು. ಆಮೇಲೆ ಬಿಸಿನೀರನ್ನೇ ಪಂಪಿನಿಂದ ನೂಕತೊಡಗಿದರು. ಬೀದಿಯ ಕೆಳಗೆ ಪೈಪು, ಮನೆಯೊಳಗೆ ಕಬ್ಬಿಣದ ಪೆಟ್ಟಿಗೆ. ನೀರು ಆ ಪೆಟ್ಟಿಗೆಗೆ ಬಂದು, ಕೋಣೆಗೆ ಕಾವು ಕೊಟ್ಟು, ಬೇರೆ ಪೈಪಿನಿಂದ ಒಲೆಗೆ ಮರಳುತ್ತದೆ.

"ಕುಡಿಯಾಕಲ್ಲ, ಮೈ ತೊಳಿಯಾಕಲ್ಲ?" ಎಂದು ನಾನು ಕೇಳಿದೆ.

"ಏನಕ್ಕೂ ಅಲ್ಲ. ಬರೋದು, ಕಾವು ಕೊಡೋದು, ಹೋಗೋದು."

"ಅಷ್ಟಕ್ಕೇ ಅಷ್ಟು ದೂರ ಬರ್ತದೇನು, ಪಾಪ!"

ನನಗೆ ಖರೆಯಾಗಿಯೂ ಆ ನೀರಿನ ಮೇಲೆ ಮರುಕ ಬಂದಿತ್ತು. ನಮ್ಮ ಅವ್ವ ಮಗಳ ಮನೆಗೆ ಬಂದರೆ ಹಾಗೆಯೇ. ಒಂದು ತುತ್ತು ತಿನ್ನದೆ, ಎಲ್ಲರ ಕೆಲಸ ಮಾಡಿ, ಹೊತ್ತು ಮುಳುಗುವುದರೊಳಗೆ ಹೊರಟುಬಿಡುವಳು.

ನಮ್ಮ ಕಡೆ ಮನೆ ಬೆಚ್ಚಗೆ ಮಾಡುವುದು ಯಾರಿಗೆ ಬೇಕು? ಹಾಸಿದ ಫರಸಿಕಲ್ಲು ಎಂಟು ತಿಂಗಳು ಅದೇ ಕೆಲಸ ಮಾಡುತ್ತದೆ. ಸಾಹೇಬರು ಬೇರೆ ಹಂಚಿಕೆ ಹಾಕಿದರು. ಖಣಿಗೆ ಸುರಿಯುವ ಬಿಸಿನೀರನ್ನು ಬಾಯಿಲರಿನಲ್ಲಿ ಇನ್ನಷ್ಟು ಕಾಸಿ, ಮುಂಜಾನೆ ಎರಡು ತಾಸು ಲೈನಿಗೆ ಬಿಡುವುದು, ಮನೆಗೊಂದು ನಲ್ಲಿ, ಯಾರೂ ಹಿಡಿಯದ ನೀರು ಇನ್ನೊಂದು ಪೈಪಿನಿಂದ ಬಾಯಿಲರಿಗೆ ಮರಳುವುದು. ಆ ಕೆಲಸ ಇವರ ಮೇಲೆ ಬಿತ್ತು. ಎಂಟು ತಿಂಗಳು ನೆಲ ಅಗೆದು, ಫರಸಿಯಿಂದ ಕಾಲುವೆ ಕಟ್ಟಿ, ಅದರೊಳಗೆ ಪೈಪು ಇಟ್ಟು, ಗೋಣಿ ಸುತ್ತಿ, ಮೇಲೆ ಸೆಗಣಿಮಣ್ಣು ಮೆತ್ತಿದರು. ನನ್ನ ಕೈಯ ಅಡುಗೆಗಿಂತ ಆ ಪೈಪಿನ ಮೇಲೆ ಅವರಿಗೆ ಪ್ರೀತಿ ಹೆಚ್ಚಿತ್ತು. ಅಡುಗೆಯೂ ಅಷ್ಟಕ್ಕಷ್ಟೇ ಇತ್ತು ಅನ್ನಿ.

ಎಲ್ಲ ಸರಿಯಿತ್ತು, ಒಂದು ಮಾತು ಬಿಟ್ಟು. ನಲ್ಲಿ ಕೂಡಿಸಿದ ದಿನ ಲೈನಿನ ಹೆಂಗಸರನ್ನೆಲ್ಲ ಕರೆದು ಅವರು ತಿಳಿಸಿ ಹೇಳಿದರು. "ಈ ಪೈಪಿನ್ಯಾಗ ಬಿಸಿನೀರು ಬರ್ತದರಿ. ಈ ಇನ್ನೊಂದರಾಗ ವಾಪಸ್ ಹೋಗ್ತದ. ಮತ್ತ ಕಾಸಿ ಕಳಸ್ತಾರ."

ಶರಣಮ್ಮ ಸೊಂಟದ ಮೇಲೆ ಕೈ ಇಟ್ಟಳು. "ಯಾ ನೀರಪಾ ವಾಪಸ್ ಹೋಗೋದು?"

"ನೀವು ಬಳಸಿ ಉಳದದ್ದು."

"ಬಳಸಿ ಉಳದದ್ದು! ಕೇಳಿದ್ರೇನ್ರವ್ವಾ? ಮಂದಿ ಮಿಂದ ನೀರು ವಾಪಸ್ ಹೋಗಿ, ಕಾದು, ನಮ್ಮ ತೆಲಿ ಮ್ಯಾಲ ಬೀಳ್ತದಂತ!"

"ಅಲ್ಲಬೇ ಯಕ್ಕಾ, ಮಿಂದದ್ದು ಮೋರಿಗಿ ಹೋಗ್ತದ..."

"ನೀನೇ ಅಂದೆಲ್ಲ ವಾಪಸ್ ಅಂತ?"

"ಶರಣರು ಸೂತಕಾನೇ ಇಲ್ಲ ಅಂದಾರ. ನೀ ನೀರಿಗಿ ಸೂತಕ ಹಚ್ಚಲಿಕತ್ತೀಯಲ್ಲ!"

"ಸೂತಕ ಬ್ಯಾರೆ, ಹೊಲಸ ಬ್ಯಾರೆ. ನಿನ್ನ ಬುದ್ಧಿಗಿ ಎರಡೂ ಒಂದೇ. ಆ ನೀರಿನ್ಯಾಗ ಮಿಂದು ನಾ ಲಿಂಗ ಮುಟ್ಟಲ್ಯಾ?"

ಅವಳು ಕೆಟ್ಟವಳಲ್ಲ. ಲಿಂಗಪೂಜೆಯಾಗದೆ ನೀರು ಸಹ ಕುಡಿಯದ ಜೀವ. ಅವಳ ಹೆದರಿಕೆ ಖರೇ ಹೆದರಿಕೆಯೇ. ಆದರೆ ಅಂದಿನಿಂದ ಅದಕ್ಕೆ 'ವಾಪಸ್ ನೀರು' ಎಂಬ ಹೆಸರು ಬಿತ್ತು, ಹದಿನಾಲ್ಕು ನಲ್ಲಿಗಳೂ ಒಣಗಿ ನಿಂತವು. ಕಾರ್ಖಾನೆಯಲ್ಲಿ ಜೊತೆಯವರು ಇವರನ್ನು "ವಾಪಸ್ ಸಾಬ" ಎಂದು ಕಾಡಿದರು. ತಿಂಗಳ ಕಡೆಯ ತನಕ ನೋಡೋಣ, ಯಾರಿಗೂ ಬೇಡವಾದರೆ ಪೈಪು ಕಿತ್ತು ಅಧಿಕಾರಿಗಳ ಬಂಗಲೆಗಳ ಕಡೆ ಹಾಕೋಣ ಎಂದು ಸಾಹೇಬರು ಹೇಳಿ ಕಳಿಸಿದರು. ಅದನ್ನು ನನಗೆ ತಿಳಿಸಿ ಇವರು ರೊಟ್ಟಿ ಅರ್ಧಕ್ಕೇ ಬಿಟ್ಟು ಎದ್ದರು. ಕೈ ತೊಳೆಯಲು ನೀರು ಹಾಕುವಾಗ ಅಗೆದು ಅಗೆದು ಬಿರಿದ ಆ ಅಂಗೈ ನೋಡಿದೆ.

ಆ ದಿನಗಳಲ್ಲಿಯೇ ನನಗೆ ಹೆರಿಗೆಯಾಯಿತು. ರಾವೂರದಲ್ಲಿ ಅವ್ವ ಒಬ್ಬಳೇ ಇದ್ದುದರಿಂದ ನಾನು ತವರಿಗೆ ಹೋಗದೆ ಅವಳೇ ನಮ್ಮಲ್ಲಿಗೆ ಬಂದಿದ್ದಳು. ಬಾಣಂತನವೆಂದರೆ ನಿಮಗೆ ಗೊತ್ತಲ್ಲ; ಅರ್ಧ ಔಷಧ, ಅರ್ಧ ಬಿಸಿನೀರು. ಕೊಡಗಟ್ಟಲೆ ನೀರನ್ನು ಸೊಂಟಕ್ಕೆ, ಬೆನ್ನಿಗೆ, ಸುಡುಸುಡು ಎರೆಯಬೇಕು. ಅವ್ವ ಮನೆಯ ಕುಳ್ಳನ್ನೆಲ್ಲ ಉರಿಸಿ ಮುಗಿಸಿದ್ದಳು. ಹನ್ನೊಂದನೆಯ ದಿನ ತಲೆಗೆ ನೀರು. ಆ ದಿನ ನಾನು ಹೇಳಿದೆ, "ಅವ್ವಾ, ನಲ್ಲಿ ನೀರು ಎರಿ."

"ಹುಚ್ಚು ಹಿಡದದೇನು ನಿನಗ? ಹಸಿ ಮೈ."

"ಅವರು ಹಾಕಿದ್ದು. ನಾನೇ ಮೀಯಲಿಲ್ಲಂದ್ರ ಯಾರು ಮೀಯಬೇಕು?"

ಅವ್ವ ನನ್ನ ಮುಖ ನೋಡಿದಳು. ಕೊಡ ತೆಗೆದುಕೊಂಡು ನಲ್ಲಿಗೆ ಹೋದಳು.

ಸುದ್ದಿ ಲೈನಿಗೆಲ್ಲ ಹಬ್ಬಿತು. ನಮ್ಮ ಬಚ್ಚಲಿಗೆ ಬಾಗಿಲಿರಲಿಲ್ಲ, ಸೀರೆಯ ಪರದೆ. ಆಚೆ ಓಣಿಯಲ್ಲಿ ಶರಣಮ್ಮ ಮತ್ತಿತರರು ಬೇರೆ ಬೇರೆ ನೆವ ಮಾಡಿಕೊಂಡು ನಿಂತರು. ಇವರು ಅತ್ತ ಬಾಯಿಲರ್ ಮನೆಯಲ್ಲಿ ನೀರು ಬಿಟ್ಟು, ಓಡಿ ಬಂದು ಅವರ ಹಿಂದೆ ನಿಂತಿದ್ದರು. ಪರದೆಯ ಸಂದಿನಿಂದ ಇವರ ಕಾಲುಗಳು ಕಾಣುತ್ತಿದ್ದವು. ಅವ್ವ ಮೊದಲ ತಂಬಿಗೆ ಬೆನ್ನಿಗೆ ಸುರಿದಳು.

ನೀರು ಉಗುರುಬೆಚ್ಚಗೂ ಇರಲಿಲ್ಲ. ಹದಿಮೂರು ಮನೆ ದಾಟಿ ಬರುವಷ್ಟರಲ್ಲಿ ಅದರ ಕಾವೆಲ್ಲ ಸೋರಿಹೋಗಿತ್ತು. ಪುಷ್ಯ ಮಾಸದ ಗಾಳಿಗೆ ನನ್ನ ಹಲ್ಲು ಕಟಕಟಿಸಿದವು. ಅವ್ವ ತಂಬಿಗೆ ಹಿಡಿದು ಹಾಗೆಯೇ ನಿಂತುಬಿಟ್ಟಳು. ನಾನು ಕೂಗಿದೆ:

"ಎವ್ವಾ, ಸುಡ್ತದಬೇ! ಸುಡ್ತದ! ತಣ್ಣೀರು ಬೆರಸು!"

ಅವ್ವ ಜಾಣೆ. "ತಡಿ, ತಡಿ, ಚೀರಬ್ಯಾಡ," ಎಂದು ಓಣಿಗೆಲ್ಲ ಕೇಳುವಂತೆ ಅಂದು, ಖಾಲಿ ಬಕೀಟಿನಲ್ಲಿ ತಂಬಿಗೆ ಬಡಿದು ಸದ್ದು ಮಾಡಿದಳು. ಆಮೇಲೆ ಕಿವಿಯಲ್ಲಿ, "ಗಂಡನ ಮ್ಯಾಲ ಇಷ್ಟು ಜೀವ ಇಟ್ಟುಕೊಂಡ್ರ ಥಂಡಿ ಹತ್ತಿ ಸಾಯ್ತಿ," ಎಂದಳು. ಕೂಸಿಗೆ ಮಾತ್ರ ಒಲೆಯ ಮೇಲಿನ ನೀರನ್ನೇ ಹಾಕಿದಳು.

ಮರುದಿನ ಮುಂಜಾನೆ ಶರಣಮ್ಮ ನಲ್ಲಿಗೆ ಕೊಡ ಹಿಡಿದಳು. "ಬಾಣಂತಿಗಿ ಬಾಧಿಲ್ಲಂದ್ರ ನನಗೇನು?" ಎಂದಳಂತೆ. ಅವಳದು ಮೊದಲ ಮನೆ. ಅಲ್ಲಿ ನೀರು ಖರೆಯಾಗಿಯೂ ಸುಡುತ್ತಿತ್ತು. ವಾರದೊಳಗೆ ಎಲ್ಲ ನಲ್ಲಿಗಳ ಮುಂದೆ ಗದ್ದಲ. ಪೈಪು ಉಳಿಯಿತು. ನಿಜಾಮರ ರಾಜ್ಯ ಹೋಗಿ, ಆ ಕಾರ್ಖಾನೆಯೂ ಮುಚ್ಚುವ ತನಕ ಆ ಲೈನಿನ ಹೆಂಗಸರು ಮೈನೀರಿಗೆ ಒಲೆ ಹಚ್ಚಲಿಲ್ಲ.

ನನ್ನ ಸುಳ್ಳು ಹೊಟ್ಟೆಯಲ್ಲಿಯೇ ಉಳಿಯಿತು. ಇವರು ಈ ಕಥೆಯನ್ನು ನಮ್ಮ ಬೀಗರಿಗೆ, ಮೊಮ್ಮಕ್ಕಳಿಗೆ, ಕಡೆಗೆ ಕಲಬುರಗಿಯ ಆಸ್ಪತ್ರೆಯಲ್ಲಿ ನರ್ಸಿಗೂ ಹೇಳಿದರು. "ಕಡೀ ಮನಿಗೂ ಹೆಂಗ ಸುಡತಿತ್ತು ಅಂತೀರಿ, ನಮ್ಮಾಕಿ ಚೀರಿಬಿಟ್ಟಿದ್ಲು." ಹಾಗೆನ್ನುತ್ತ ನನ್ನ ಕಡೆ ನೋಡುತ್ತಿದ್ದರು. ಹೇಳಿಬಿಡಲೇ ಎಂದು ಎಷ್ಟೋ ಸಲ ಬಾಯಿ ತೆರೆದೆ. ಆ ಆಸ್ಪತ್ರೆಯಲ್ಲಿಯೂ ತೆರೆದೆ. ಬಿರಿದ ಅಂಗೈ ನೆನಪಾಗಿ ಮುಚ್ಚಿದೆ. ಜೊತೆಗೆ ಬಾಳಿದ ಮನುಷ್ಯನನ್ನು ಒಂದು ಸುಳ್ಳಿನೊಳಗೆ ಬಿಟ್ಟು ಕಳಿಸಿಕೊಟ್ಟೆನಲ್ಲ ಎಂದು ಮೂರು ತಿಂಗಳಿಂದ ನಿದ್ದೆ ಬಂದಿಲ್ಲ. ಇದನ್ನು ಬರೆಯಲು ಕುಳಿತದ್ದೂ ಅದಕ್ಕೇ.

ಬರೆಯುವಾಗ ದಿನಗಳನ್ನು ಒಂದರ ಹಿಂದೆ ಒಂದು ಇಡಬೇಕಾಗುತ್ತದೆ. ನನ್ನ ತಲೆಗೆ ನೀರು ಹಾಕಿದ ದಿನದ ಮಧ್ಯಾಹ್ನ ಇವರು ಏನು ಮಾಡಿದರು? ಈಗ ನೆನಪಾಗುತ್ತಿದೆ. ಸಲಿಕೆ ತಂದು, ನಮ್ಮ ಮನೆಯ ಮುಂದಿನ ಕಾಲುವೆಯ ಫರಸಿಗಳನ್ನು ಒಂದೊಂದಾಗಿ ಎತ್ತತೊಡಗಿದರು. ನಮ್ಮ ಮನೆಯಿಂದ ಹಿಂದಕ್ಕೆ ಆರು ಮನೆಗಳ ತನಕ ಪೈಪಿಗೆ ಮತ್ತೆ ಎರಡು ಸುತ್ತು ಗೋಣಿ ಸುತ್ತಿ, ಜೋಳದ ಹೊಟ್ಟು ತುಂಬಿ, ಮೇಲೆ ಮೆತ್ತಿ ಮುಚ್ಚಿದರು. ನಾಲ್ಕು ದಿನದ ಕೆಲಸ. ಅದಾದ ಮೇಲೆ ನಮ್ಮ ನಲ್ಲಿಯಲ್ಲಿಯೂ ಹೊಗೆಯಾಡುವ ನೀರು ಬಂತು. ಮತ್ಯಾಕ ತೆಗೀಲಿಕತ್ತೀರಿ ಎಂದು ಶರಣಮ್ಮ ಕೇಳಿದ್ದಕ್ಕೆ, ತಲೆ ಎತ್ತದೆ, "ಮಳಿ ನೀರು ಒಳಗ ಇಳೀಬಾರದು ನೋಡಕ್ಕಾ," ಎಂದಿದ್ದರು. ಹಾಸಿಗೆಯ ಮೇಲೆ ಮಲಗಿ ನಾನು ಅದನ್ನು ಕೇಳಿಸಿಕೊಂಡಿದ್ದೆ, ನಂಬಿಯೂ ಇದ್ದೆ.

ಪುಷ್ಯ ಮಾಸದಲ್ಲಿ ನಮ್ಮ ಕಡೆ ಯಾವ ಮಳೆ? ನನ್ನ ಸುಳ್ಳು ಅವರಿಗೆ ಅಂದೇ ಗೊತ್ತಾಗಿತ್ತು.

ಪೆನ್ನು ಇಟ್ಟು ನಕ್ಕೆ. ಒಳಗಿನಿಂದ ಮಗಳು ಮಹಾದೇವಿ ಬಂದಳು. ಅಂದಿನ ಆ ಕೂಸು ಇವಳೇ. ಈಗ ಇವಳ ತಲೆಯೂ ಬೆಳ್ಳಗಾಗಿದೆ.

"ಯಾಕಬೇ ಅವ್ವಾ, ಒಬ್ಬಾಕಿನೇ ಕುಂತು ನಗ್ಲಿಕತ್ತಿ?"

"ನಿಮ್ಮಪ್ಪ ಭಾಳ ಶಾಣ್ಯಾ ಇದ್ರು," ಎಂದೆ.

'ಇದ್ರು' ಎನ್ನಲು ಇಷ್ಟು ದಿನ ನಾಲಿಗೆ ಬಂದಿರಲಿಲ್ಲ.