ಆಶ್ರಮದ ಲಕೋಟೆ
ನಾಸಿಕದ ಆ ಅಪಾರ್ಟ್‌ಮೆಂಟಿನ ವಾಚ್‌ಮನ್ ಚನಬಸಪ್ಪ ಅಂಚೆಯವನನ್ನು ಕಂಡರೆ ಚಪ್ಪಲಿ ಬಿಟ್ಟು ಎದ್ದು ನಿಲ್ಲುತ್ತಿದ್ದ. ಆಶ್ರಮದ ಲಕೋಟೆಯನ್ನು ಕಣ್ಣಿಗೊತ್ತಿಕೊಳ್ಳದೆ ಎಂದೂ ಒಡೆದವನಲ್ಲ. ಒಳಗಿನ ಭಸ್ಮ ಹಣೆಗೇರುತ್ತಿತ್ತು. ಕೈಗೆ ಕಟ್ಟಿಕೊಂಡ ಕೆಂಪು ದಾರಗಳು ಮೊಣಕೈ ಮುಟ್ಟಲು ಹೊರಟಿದ್ದವು. ಒಮ್ಮೆ ಪಂಚವಟಿಯಲ್ಲಿ ಯಾರೋ ಆಶ್ರಮದವರು ಅವನಿಂದ ಫಾರ್ಮು ತುಂಬಿಸಿಕೊಂಡಿದ್ದರು; ಹೆಂಡತಿ ಮಾಳವ್ವನ ಕಿಡ್ನಿ ಬೇನೆಯನ್ನೂ ಅದರಲ್ಲಿ ಬರೆಸಿದ್ದ. ಅಂದಿನಿಂದ ತಿಂಗಳು ತಪ್ಪದೆ ಪತ್ರ. ಮರಾಠಿ ಓದಲು ಬಾರದ ಅವನು ಅದನ್ನು ಎರಡನೇ ಮಹಡಿಗೆ, ಧಾರವಾಡದಿಂದ ವರ್ಗವಾಗಿ ಬಂದ ಬ್ಯಾಂಕಿನ ರಂಜನಿಯ ಬಳಿ ಒಯ್ಯುತ್ತಿದ್ದ. ‘ನಿನ್ನೆ ಧ್ಯಾನದಲ್ಲಿ ಗುರುಗಳಿಗೆ ನಿಮ್ಮ ಮುಖ ಕಂಡಿತು’ ಎಂದು ಅವಳು ಕನ್ನಡದಲ್ಲಿ ಹೇಳಿದರೆ, “ನಮ್ಮಂಥಾವ್ರ ಮಾರಿ ಅವ್ರಿಗಿ ಕಾಣ್ತದಂದ್ರ ಏನ್ರಿ ಬಾಯಾರ!” ಎಂದು ಹಿಗ್ಗುತ್ತಿದ್ದ. “ಕಾಕಾ, ಇದ ಪತ್ರ ನಮ್ಮ ಬ್ಯಾಂಕಿನ ಜವಾನಗೂ ಬಂದದ” ಎಂದಳು ಒಮ್ಮೆ. “ಅವನ ಮಾರೀನೂ ಕಂಡಿರಬೇಕ್ರಿ” ಎಂದ. ಪೂಜೆಗೆಂದು ಆಶ್ರಮದವರು ಕೇಳಿದಾಗಲೆಲ್ಲ ಹಣ ಕಳಿಸಿದ. ವಾರಕ್ಕೆರಡು ಸಲ ಆಗಬೇಕಿದ್ದ ಮಾಳವ್ವನ ಡಯಾಲಿಸಿಸ್ ಒಂದಕ್ಕಿಳಿಯಿತು. ಆಷಾಢದಲ್ಲಿ ಅವಳು ತೀರಿಕೊಂಡಳು. ರಂಜನಿಯಿಂದಲೇ ಬರೆಸಿ ಆಶ್ರಮಕ್ಕೆ ಸುದ್ದಿ ಮುಟ್ಟಿಸಿದ. ಮುಂದಿನ ತಿಂಗಳು ಮತ್ತೆ ಲಕೋಟೆ ಬಂತು: ‘ಮಾಳವ್ವನವರು ದಿನದಿನಕ್ಕೆ ಚೇತರಿಸಿಕೊಳ್ಳುತ್ತಿದ್ದಾರೆ, ಪೂಜೆ ನಿಲ್ಲಿಸಬೇಡಿ.’ ರಂಜನಿ ಸಿಟ್ಟಿನಿಂದ ಅದನ್ನು ಹರಿಯಹೋದಳು. ಚನಬಸಪ್ಪ ಎರಡೂ ಕೈ ಅಡ್ಡ ಚಾಚಿದ. “ಹರಿಬ್ಯಾಡ್ರಿ ಬಾಯಾರ. ಮಾಳವ್ವಂದಷ್ಟ ಇನ್ನೊಮ್ಮೆ ಓದ್ರಿ.” ಅವಳು ಓದಿದಳು. ಅವನು ಕಣ್ಣು ಮುಚ್ಚಿ ಕೇಳಿದ. ಆಮೇಲೆ ಮೆಲ್ಲಗೆ, “ಈ ಸಲ ಎಷ್ಟ ಕೇಳ್ಯಾರ್ರಿ?” ಎಂದ.