ಹನ್ನೆರಡನೆಯ ಗೆರೆ

ಆ ಸಂಜೆ ಏನೇನು ಕೆಡಬಹುದು ಎಂದು ನಾನು ಮೊದಲೇ ಯೋಚಿಸಿ ಮುಗಿಸಿದ್ದೆ. ಪೆನ್ನಿನ ಶಾಯಿ ಮುಗಿಯಬಹುದು, ಅದಕ್ಕೆ ಎರಡು ಪೆನ್ನು. ಎರಡೂ ಒಂದೇ ಅಂಗಡಿಯವು, ಒಟ್ಟಿಗೇ ಕೈಕೊಡಬಹುದು. ಅದಕ್ಕೆ ಬೇರೆ ಅಂಗಡಿಯದೊಂದು ಮೂರನೆಯದು. ಅಬ್ಬಾಸಿಯಾದ ನಮ್ಮ ಕಟ್ಟಡದ ಕೆಳಗೆ ಯಾರಾದರೂ ನನ್ನ ಕಾರಿಗೆ ಅಡ್ಡವಾಗಿ ಪಿಕಪ್ ನಿಲ್ಲಿಸಿ ಕ್ಷೌರಕ್ಕೆ ಹೋಗಿರಬಹುದು. ದೂಳುಗಾಳಿ ಎದ್ದು ಪಂದ್ಯವೇ ಮುಂದೆ ಹೋಗಬಹುದು. "ಒಳಗೆ ಆಡುವ ಆಟಕ್ಕೆ ಹೊರಗಿನ ದೂಳು ಎಂಥದು ಮಾರಾಯ್ರೆ?" ಎಂದು ಹೆಂಡತಿ ಕೇಳಿದಳು. ರೆಫರಿಗಳು ಹೊರಗಿನಿಂದಲೇ ಬರಬೇಕಲ್ಲ ಎಂದೆ. ಕೋಚ್ ಕೊನೆಗಳಿಗೆಯಲ್ಲಿ ಸಹಿ ಹಾಕಲು ಹಿಂಜರಿಯಬಹುದು. ನಿರ್ದೇಶಕರು ಎಂದೂ ಇಲ್ಲದೆ ಬೇಗ ಬಂದುಬಿಡಬಹುದು. ನನ್ನ ಕೈ ನಡುಗಿ, ಬರೆದ ಹೆಸರು ಯಾರಿಗೂ ಓದಲಾಗದೆ ಹೋಗಬಹುದು. ಇಕಾಮಾ, ಅಂದರೆ ಈ ದೇಶದಲ್ಲಿರುವ ಪರವಾನಗಿ, ಅದರ ನವೀಕರಣದ ಕಾಗದಕ್ಕೆ ಕ್ಲಬ್ಬಿನ ಸಹಿ ಬೀಳದಿರಬಹುದು. ಆಮೇಲೆ ಮಗಳನ್ನು ವರ್ಷದ ನಡುವೆ ಶಾಲೆ ಬಿಡಿಸಿ, ಫ್ರಿಜ್ಜನ್ನು ಅರ್ಧ ಬೆಲೆಗೆ ಮಾರಿ, ಮಂಗಳೂರಿನ ವಿಮಾನ ಹತ್ತಬೇಕಾಗಬಹುದು. ಎದೆನೋವು ಬರಬಹುದು. ಅದು ಗ್ಯಾಸ್ ಇರಬಹುದು. ಗ್ಯಾಸ್ ಎಂದು ಸುಮ್ಮನಾದದ್ದು ಎದೆನೋವೇ ಆಗಿರಬಹುದು.

ಇಷ್ಟೆಲ್ಲ, ಒಬ್ಬ ಆಟಗಾರನ ಹೆಸರನ್ನು ಪೆನ್ಸಿಲಿನ ಬದಲು ಪೆನ್ನಿನಲ್ಲಿ ಬರೆಯುವುದಕ್ಕೆ.

ಕುವೈತಿನ ಒಂದು ಬಾಸ್ಕೆಟ್‌ಬಾಲ್ ಕ್ಲಬ್ಬಿನಲ್ಲಿ ನನಗೆ ಕೆಲಸ. ವೀಸಾದಲ್ಲಿ ನಾನು ಗುಮಾಸ್ತ. ನಿಜದಲ್ಲಿ ಆಟಗಾರರ ನೋಂದಣಿ ಮಾಡುವವನು ನಾನೇ, ವಿದೇಶಿ ಆಟಗಾರನನ್ನು ಏರ್‌ಪೋರ್ಟಿನಿಂದ ಕರೆತರುವವನು ನಾನೇ, ಅವನು ಸರಿ ಆಡದಿದ್ದರೆ ವಾಪಸು ಬಿಟ್ಟು ಬರುವವನೂ ನಾನೇ. ಸಮವಸ್ತ್ರದ ಮೂಟೆ ಲಾಂಡ್ರಿಗೆ ಹೋಗಿ ಬರುವುದೂ ನನ್ನ ಕಾರಿನಲ್ಲೇ. ಇಪ್ಪತ್ತು ವರ್ಷ ದಾಟಿತು. ಈ ಆಟವನ್ನು ನಾನು ಒಮ್ಮೆಯೂ ಆಡಿಲ್ಲ. ಊರಿನ ಶಾಲೆಯ ವಾಲಿಬಾಲ್ ತಂಡದಲ್ಲಿ ಎಕ್ಸ್‌ಟ್ರಾ ಆಗಿದ್ದೆ, ಅಷ್ಟೆ. ಮೂರು ವರ್ಷ ಬೇರೆಯವರ ಚಪ್ಪಲಿ ಕಾದಿದ್ದೇನೆ.

ಪಂದ್ಯದ ದಿನ ನಮ್ಮ ಕಡೆಯಿಂದ ಒಂದು ಹಾಳೆ ಹೋಗಬೇಕು. ಹನ್ನೆರಡು ಗೆರೆ, ಹನ್ನೆರಡು ಹೆಸರು, ಕೆಳಗೆ ಕೋಚ್ ಸಹಿ. ಆಟ ಶುರುವಾಗುವ ನಲವತ್ತು ನಿಮಿಷ ಮೊದಲು ಅದು ಸ್ಕೋರರ್ ಮೇಜಿಗೆ ತಲುಪಬೇಕು. ಆಮೇಲೆ ಅಲ್ಲಾಡಿಸುವ ಹಾಗಿಲ್ಲ. ಮೊದಲ ಹನ್ನೊಂದು ಹೆಸರು ನಾನು ಕ್ಲಬ್ಬಿನಲ್ಲೇ ಟೈಪ್ ಮಾಡಿ ತರುತ್ತೇನೆ. ಹನ್ನೆರಡನೆಯದನ್ನು ಪೆನ್ಸಿಲಿನಲ್ಲಿ ಬರೆಯುವುದು ನಾನು ಸೇರುವುದಕ್ಕೂ ಮೊದಲಿನ ಪದ್ಧತಿ. ನಿರ್ದೇಶಕರ ಫೋನ್ ಬರುತ್ತದೆ. "ಇರಲಿ" ಎಂದರೆ ಅದರ ಮೇಲೆ ಪೆನ್ನಿನಿಂದ ತಿದ್ದುವುದು, "ಬೇಡ" ಎಂದರೆ ಅಳಿಸುವುದು. ಅದಕ್ಕೆಂದೇ ನನ್ನ ಜೇಬಿನಲ್ಲಿ ಸದಾ ಒಂದು ರಬ್ಬರ್.

ಆ ಗೆರೆಗೆ ಬರುವವರು ನಮ್ಮ ಎರಡನೇ ತಂಡದವರು. ಅದಕ್ಕೆ ಅಭಿವೃದ್ಧಿ ತಂಡ ಎಂದು ಹೆಸರು. ಮೇಲೆ ಯಾರಿಗಾದರೂ ಕಾಲು ಉಳುಕಿದರೆ ಅಲ್ಲಿಂದೊಬ್ಬ ಹತ್ತುತ್ತಾನೆ, ಕಾಲು ಸರಿಯಾದ ದಿನ ಇಳಿಯುತ್ತಾನೆ. ಹತ್ತಿದ ದಿನ ಬಿಳಿ ಟೇಪಿನ ತುಂಡಿನ ಮೇಲೆ ಅವನ ಹೆಸರು ಬರೆದು ಲಾಕರಿಗೆ ಅಂಟಿಸುವವನು ನಾನು, ಇಳಿದ ದಿನ ಕೀಳುವವನೂ ನಾನು.

ಈ ಹತ್ತಿಳಿಯುವ ಕೆಲಸದಲ್ಲಿ ನಮ್ಮಲ್ಲಿ ಒಬ್ಬನನ್ನು ಮೀರಿಸಿದವರಿಲ್ಲ. ಕುವೈತಿನವನೇ. ವಯಸ್ಸು ಮೂವತ್ತೊಂದು, ಬೆಳಿಗ್ಗೆ ಸರ್ಕಾರಿ ಕಚೇರಿಯೊಂದರ ಕೌಂಟರಿನಲ್ಲಿ ಕೆಲಸ, ಸಂಜೆ ಅಭ್ಯಾಸ. ಅವನಿಗಿಂತ ಎತ್ತರದವರು, ವೇಗದವರು ನಮ್ಮಲ್ಲಿ ಬೇಕಾದಷ್ಟು ಇದ್ದರು. ಅಭ್ಯಾಸಕ್ಕೆ ಒಂದು ದಿನವೂ ತಡವಾಗಿ ಬಾರದವನು ಅವನೊಬ್ಬನೇ. ನನ್ನನ್ನು 'ಮುದೀರ್' ಎಂದು ಕರೆಯುವವನೂ ಅವನೊಬ್ಬನೇ. ಮುದೀರ್ ಎಂದರೆ ಇಲ್ಲಿ ದೊಡ್ಡ ಸಾಹೇಬ. ಮೊದಮೊದಲು ಗೇಲಿ ಎಂದುಕೊಂಡಿದ್ದೆ. ಗೇಲಿಯೇ ಆಗಿತ್ತು. ಆದರೂ ಕೇಳಲು ಹಿತವಾಗಿತ್ತು. ನಮ್ಮಿಬ್ಬರ ಮಾತು ಅರ್ಧ ಅರಬಿ, ಕಾಲು ಹಿಂದಿ, ಉಳಿದದ್ದು ಇಂಗ್ಲಿಷ್. ಇಲ್ಲಿ ಅದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಎರಡನೇ ತಂಡದವರ ಕರಾರಿನಲ್ಲಿ ಒಂದು ಸಾಲು ಉಂಟು. ಒಂದು ಋತುವಿನಲ್ಲಿ ಹತ್ತು ಪಂದ್ಯಗಳ ಹಾಳೆಯಲ್ಲಿ ಹೆಸರು ಬಂದರೆ ಅವನನ್ನು ಮುಂದಿನ ವರ್ಷಕ್ಕೂ ಕ್ಲಬ್ ಇಟ್ಟುಕೊಳ್ಳಲೇಬೇಕು. ಆಡಬೇಕೆಂದಿಲ್ಲ, ಹಾಳೆಯಲ್ಲಿ ಹೆಸರಿದ್ದರೆ ಸಾಕು. ಹತ್ತಾಗದಿದ್ದರೆ ಖಲಾಸ್. ಮೂವತ್ತೊಂದರ ಎರಡನೇ ತಂಡದವನನ್ನು ಬೇರೆ ಯಾವ ಕ್ಲಬ್ಬೂ ಕರೆಯುವುದಿಲ್ಲ. ಉಳಿಯುವುದು ಬೆಳಗಿನ ಕೌಂಟರ್ ಒಂದೇ.

ಅವನಿಗೆ ಒಂಬತ್ತಾಗಿತ್ತು.

ಒಂಬತ್ತಾದ ಮೇಲೆ ನಾಲ್ಕು ಪಂದ್ಯಗಳಾದವು. ನಾಲ್ಕರಲ್ಲೂ ಕೋಚ್ ಅವನ ಹೆಸರು ಹೇಳಿದರು, ನಾಲ್ಕರಲ್ಲೂ ಫೋನ್ ಬಂತು, ನಾಲ್ಕು ಸಲ ನಾನು ಅಳಿಸಿದೆ. ಪ್ರತಿ ಸಲವೂ ಅವನು ಬ್ಯಾಗು ಹೊತ್ತು ಬಂದು, ನನ್ನ ಮುಖ ನೋಡಿ, ಟ್ರ್ಯಾಕ್‌ಸೂಟಿನಲ್ಲೇ ಗ್ಯಾಲರಿಯ ಮೆಟ್ಟಿಲೇರಿ ಕುಳಿತ.

ನಿರ್ದೇಶಕರು ಕೆಟ್ಟವರಲ್ಲ. ಮಾತಿಗೆ ಮೊದಲು ಚಹಾ ತರಿಸುತ್ತಾರೆ. "ಅದು ಅಭಿವೃದ್ಧಿ ತಂಡ. ಮೂವತ್ತೊಂದರವನನ್ನು ಇನ್ನೆಷ್ಟು ಅಭಿವೃದ್ಧಿ ಮಾಡೋಣ?" ಎಂದು ಕೇಳಿದರು. ನನಗೆ ಐವತ್ತೊಂದು. ನನ್ನನ್ನು ಅವರು ಪ್ರತಿವರ್ಷ ಒಂದೊಂದೇ ವರ್ಷಕ್ಕೆ ನವೀಕರಿಸುತ್ತಾರೆ. ಚಹಾ ಕುಡಿದು ಬಂದೆ.

ನಾಲ್ಕನೆಯ ಸಲ ಅಳಿಸಿದ ಸಂಜೆ ಅವನು ಗ್ಯಾಲರಿಗೆ ಹೋಗುವ ಮೊದಲು ನನ್ನ ಮೇಜಿನ ಹತ್ತಿರ ನಿಂತ. ಹಾಳೆಯ ಮೇಲೆ ರಬ್ಬರಿನ ಪುಡಿ ಇನ್ನೂ ಹಾಗೇ ಇತ್ತು. ಅವನೇ ಬಗ್ಗಿ ಊದಿದ.

"ಇನ್ನೆಷ್ಟು ಉಳಿದಿದೆ ಮುದೀರ್?"

"ಒಂದೇ ಪಂದ್ಯ."

"ಪಂದ್ಯ ನನಗೂ ಗೊತ್ತು. ನಿನ್ನ ರಬ್ಬರ್ ಕೇಳಿದೆ."

"ಮೇಲಿನವರು ಹೇಳಿದ್ದನ್ನು ಮಾಡಿದೆ. ನಾನೇನು ಮಾಡಲಿ?"

"ಮೇಲಿನವರು ನನ್ನ ಹೆಸರನ್ನು ಒಮ್ಮೆಯೂ ಮುಟ್ಟಿಲ್ಲ," ಎಂದ. "ಅವರಿಗೆ ನನ್ನ ಹೆಸರು ಬರೆಯಲು ಬರುತ್ತದೋ ಇಲ್ಲವೋ, ಅದೂ ಗೊತ್ತಿಲ್ಲ. ಬರೆದದ್ದೂ ನೀನು, ಅಳಿಸಿದ್ದೂ ನೀನು." ನಗುತ್ತಲೇ ಹೇಳಿದ. ಹೇಳಿ ಮೆಟ್ಟಿಲೇರಿ ಕುಳಿತ.

ಮನೆಗೆ ಬಂದು ರಬ್ಬರನ್ನು ಊಟದ ಮೇಜಿನ ಮೇಲಿಟ್ಟು ನೋಡಿದೆ. ಹೊಸದಾಗಿ ಕೊಂಡಾಗ ಬೆಂಕಿಪೊಟ್ಟಣದಷ್ಟಿತ್ತು. ಈಗ ಹುಣಸೆಬೀಜಕ್ಕಿಂತ ಸ್ವಲ್ಪ ದೊಡ್ಡದು. ಅದರಲ್ಲಿ ಅವನೊಬ್ಬನೇ ಅಲ್ಲ, ಎಷ್ಟೋ ವರ್ಷಗಳ ಹನ್ನೆರಡನೆಯವರು ಸವೆದುಹೋಗಿದ್ದರು. ಹೆಂಡತಿ ಆಸ್ಪತ್ರೆಯಲ್ಲಿ ನರ್ಸ್. ಡ್ಯೂಟಿ ಮುಗಿಸಿ ಬಂದವಳು ಅಕ್ಕಿ ತೊಳೆಯುತ್ತಾ ನನ್ನ ಕಥೆಯನ್ನೆಲ್ಲ ಕೇಳಿದಳು. ಪೆನ್ನಿನಲ್ಲಿ ಬರೆದರೆ ಏನೇನಾಗಬಹುದು ಎಂಬುದನ್ನೂ ಒಂದೊಂದಾಗಿ ಹೇಳಿದೆ. ಎದೆನೋವಿಗೆ ಬಂದಾಗ ತಡೆದಳು.

"ಹೆದರುವುದಂತೂ ನೀವು ಹೇಗೂ ಹೆದರುತ್ತೀರಿ," ಎಂದಳು. "ಇಷ್ಟು ವರ್ಷ ಏನೂ ಮಾಡದೆ ಹೆದರಿದ್ದಾಯಿತು. ಒಮ್ಮೆ ಏನಾದರೂ ಮಾಡಿ ಹೆದರಿ."

"ಇಕಾಮಾ?"

"ನನ್ನದುಂಟಲ್ಲ. ನಿಮ್ಮನ್ನು ನನ್ನ ಅವಲಂಬಿತ ಎಂದು ಹಾಕಲು ಆಗುತ್ತದೋ ಎಂದು ಕೇಳಿ ನೋಡುವ. ಇಡೀ ದಿನ ಮನೆಯಲ್ಲಿ ಕೂತು ಹೆದರಬಹುದು, ಅಡುಗೆಯೂ ಆಗುತ್ತದೆ."

ಕೊನೆಯ ಪಂದ್ಯ ಬೇರೆ ಕ್ಲಬ್ಬಿನ ಹಾಲ್‌ನಲ್ಲಿ. ಕಾರಿಗೆ ಅಡ್ಡ ಯಾರೂ ಪಿಕಪ್ ನಿಲ್ಲಿಸಿರಲಿಲ್ಲ, ದೂಳೂ ಏಳಲಿಲ್ಲ. ಒಂದು ಗಂಟೆ ಮೊದಲೇ ತಲುಪಿ ಹಾಳೆ ಬಿಡಿಸಿದೆ. ನಮ್ಮ ಕೋಚ್ ಸರ್ಬಿಯಾದವರು, ಮಾತು ಕಡಿಮೆ. ಹನ್ನೆರಡನೆಯದು ಯಾರು ಎಂದು ಕೇಳಿದೆ. ಅದೇ ಹೆಸರು ಹೇಳಿದರು. ಪೆನ್ನು ತೆಗೆದು ಬರೆದೆ. ಅವರು ಪೆನ್ನು ನೋಡಿದರು, ನನ್ನನ್ನು ನೋಡಿದರು, ಸಹಿ ಹಾಕಿದರು. ಹೆಸರನ್ನು ಯಾರು ಬೇಕಾದರೂ ಓದಬಹುದಿತ್ತು.

ನಲವತ್ತೆಂಟು ನಿಮಿಷ ಇರುವಾಗ ಫೋನ್ ಬಂತು. ಆಫ್ ಮಾಡಿಡುವ ಯೋಚನೆ ಇತ್ತು, ಸುಳ್ಳೇಕೆ. ಆದರೆ ಆಫ್ ಮಾಡಿದ ಫೋನ್ ಎಂದರೆ ಮತ್ತೆ ಪೆನ್ಸಿಲಿನದೇ ಬುದ್ಧಿ ಅನ್ನಿಸಿತು. ಎತ್ತಿದೆ.

"ಹನ್ನೆರಡನೆಯದು ಖಾಲಿ ಬಿಡು," ಎಂದರು ನಿರ್ದೇಶಕರು.

"ಬರೆದಾಯಿತು ಸರ್."

"ಅಳಿಸು."

"ಪೆನ್ನಿನಲ್ಲಿ ಬರೆದಿದ್ದೇನೆ."

ಆ ಕಡೆ ಹಾರ್ನ್ ಕೇಳಿಸಿತು. ಫಿಫ್ತ್ ರಿಂಗ್ ರೋಡಿನ ಟ್ರಾಫಿಕ್ಕಿನಲ್ಲಿದ್ದರು. "ಪೆನ್ನೇ? ಯಾರು ಹೇಳಿದರು? ಸರಿ, ಹೊಸ ಹಾಳೆ ತೆಗೆದುಕೋ."

ಹೊಸ ಹಾಳೆ ನನ್ನ ಬ್ಯಾಗಿನಲ್ಲಿತ್ತು. ಒಂದಲ್ಲ, ಆರು. ನನ್ನಂಥವನ ಬಳಿ ಇಲ್ಲದೆ ಇರುತ್ತದೆಯೇ.

"ಯಾರೂ ಹೇಳಲಿಲ್ಲ ಸರ್, ನಾನೇ ಬರೆದೆ. ಕೋಚ್ ಕೊಟ್ಟ ಹೆಸರು, ಅವರ ಸಹಿಯೂ ಆಗಿದೆ. ಹೊಸ ಹಾಳೆಯನ್ನು ನಾನು ಬರೆಯುವುದಿಲ್ಲ. ಖಾಲಿ ಬಿಡಲೇಬೇಕು ಅಂತಿದ್ದರೆ ನೀವು ಬಂದು ನಿಮ್ಮ ಕೈಯಿಂದ ಬಿಡಿ. ಎಂಟು ನಿಮಿಷ ಉಂಟು."

ಅಷ್ಟು ಉದ್ದದ ವಾಕ್ಯಗಳನ್ನು ನಾನು ಅವರೊಡನೆ ಹಿಂದೆಂದೂ ಆಡಿರಲಿಲ್ಲ. ಫೋನ್ ಕಡಿತವಾಯಿತು. ಹಾಳೆ ಹಿಡಿದು ಸ್ಕೋರರ್ ಮೇಜಿಗೆ ನಡೆದೆ. ಇಪ್ಪತ್ತು ಹೆಜ್ಜೆ ಇರಬಹುದು. ಮೇಜಿನ ಹುಡುಗಿ ಸಮಯ ನೋಡಿ ಬರೆದುಕೊಂಡಳು. ಅವನಿಗೆ ಹತ್ತಾಯಿತು.

ಮರುದಿನ ನಿರ್ದೇಶಕರ ಕೋಣೆಗೆ ಕರೆ ಬಂತು. ಚಹಾ ಬರಲಿಲ್ಲ.

"ನಿನ್ನ ಇಕಾಮಾ ಯಾವಾಗ ಮುಗಿಯುತ್ತದೆ?"

"ನಿಮಗೆ ಗೊತ್ತುಂಟು ಸರ್, ಇನ್ನು ಎರಡು ತಿಂಗಳು. ಸಹಿ ಹಾಕದಿದ್ದರೆ ಬೇರೆ ಕೆಲಸ ಹುಡುಕುತ್ತೇನೆ. ಹಾಕಿದರೆ ಇಲ್ಲೇ ಇರುತ್ತೇನೆ. ಎರಡರಲ್ಲಿ ಯಾವುದಾದರೂ, ಹನ್ನೆರಡನೆಯ ಹೆಸರನ್ನು ಇನ್ನು ಪೆನ್ಸಿಲಿನಲ್ಲಿ ಬರೆಯುವುದಿಲ್ಲ." ರಬ್ಬರನ್ನು ಅವರ ಮೇಜಿನ ಮೇಲಿಟ್ಟೆ. ಅಷ್ಟು ಚಿಕ್ಕದಾಗಿತ್ತೆಂದರೆ, ಅದೇನೆಂದು ಅವರು ಬಗ್ಗಿ ನೋಡಬೇಕಾಯಿತು.

ಎರಡು ತಿಂಗಳು ನಾನು ನಿದ್ದೆ ಮಾಡಲಿಲ್ಲ ಎಂದರೆ ಹೆಂಡತಿ ನಗುತ್ತಾಳೆ, ಗೊರಕೆ ಕೇಳಿದವಳು ಅವಳು. ಸಹಿ ಬಿತ್ತು. ನನ್ನ ಧೈರ್ಯ ಮೆಚ್ಚಿ ಅಲ್ಲ. ಹೊಸ ಋತುವಿನ ನೋಂದಣಿಯ ಕಾಗದಗಳು ಎಲ್ಲಿವೆ ಎಂದು ನನ್ನ ಹೊರತು ಯಾರಿಗೂ ಗೊತ್ತಿರಲಿಲ್ಲ. ಮಗಳು ಅದೇ ಶಾಲೆಗೆ ಹೋಗುತ್ತಿದ್ದಾಳೆ, ಫ್ರಿಜ್ಜು ಅಲ್ಲೇ ಉಂಟು, ಎದೆನೋವು ಗ್ಯಾಸೇ ಆಗಿತ್ತು. ಹನ್ನೆರಡನೆಯ ಗೆರೆಯನ್ನು ನಾನು ಈಗಲೂ ಪೆನ್ನಿನಲ್ಲೇ ಬರೆಯುತ್ತೇನೆ. ನಿರ್ದೇಶಕರು ಫೋನ್ ಮಾಡುವುದಾದರೆ ಮಧ್ಯಾಹ್ನವೇ, ನೇರವಾಗಿ ಕೋಚ್‌ಗೆ ಮಾಡುತ್ತಾರೆ.

ನಾನು ಭಯಪಟ್ಟದ್ದರಲ್ಲಿ ಒಂದೂ ಕೆಡಲಿಲ್ಲ. ಕೆಟ್ಟದ್ದು ಭಯದ ಪಟ್ಟಿಯಲ್ಲೇ ಇಲ್ಲದ್ದು. ಅದು ಆ ಸಂಜೆಯೇ ಆಯಿತು, ಹಾಳೆ ಮೇಜಿಗೆ ಹೋದ ಹತ್ತು ನಿಮಿಷಕ್ಕೆ.

ಅವನು ಬಟ್ಟೆ ಬದಲಿಸುವ ಕೋಣೆಯಿಂದ ತಲೆ ಹೊರಗೆ ಹಾಕಿದ. ಮೈಮೇಲೆ ಜೆರ್ಸಿ ಇತ್ತು, ಸೊಂಟಕ್ಕೆ ಟವೆಲ್.

"ಮುದೀರ್, ನನ್ನ ಚಡ್ಡಿ ಎಲ್ಲಿ?"

ಮೂಟೆ ಬುಡಮೇಲು ಮಾಡಿದೆ. ಜೆರ್ಸಿಗಳಿಗೆ ನಂಬರಿರುತ್ತದೆ, ಅದನ್ನು ನೋಡಿ ಜೋಡಿಸುತ್ತೇನೆ, ಹನ್ನೆರಡೂ ಬಂದಿದ್ದವು. ನಮ್ಮ ಚಡ್ಡಿಗಳಿಗೆ ನಂಬರಿಲ್ಲ. ಅವನ್ನು ಬರೀ ಎಣಿಸುತ್ತೇನೆ. ನಾಲ್ಕು ಪಂದ್ಯಗಳಿಂದ ಹನ್ನೊಂದು ಎಣಿಸಿದ ಬೆರಳುಗಳು ಆ ದಿನವೂ ಹನ್ನೊಂದಕ್ಕೇ ನಿಂತಿದ್ದವು. ಮೂರು ಪೆನ್ನು, ಆರು ಹಾಳೆ, ಎರಡು ಟಾರ್ಚು, ಒಂದು ಕೊಡೆ ತಂದಿದ್ದೆ. ಹಾಳೆಯಲ್ಲಿ ಬರೆಯುವುದಕ್ಕೆ ಮೊದಲೇ ಅವನನ್ನು ನನ್ನ ಬೆರಳು ಅಳಿಸಿಯಾಗಿತ್ತು.

ಬಣ್ಣ ಬೇರೆಯಾದರೆ ರೆಫರಿ ಒಳಗೆ ಬಿಡುವುದಿಲ್ಲ. ಹಾಗಾಗಿ ಅವನು ಟ್ರ್ಯಾಕ್‌ಸೂಟಿನ ಪ್ಯಾಂಟಿನಲ್ಲೇ ಬೆಂಚಿನಲ್ಲಿ ಕುಳಿತ. ನಾವು ಸೋಲುತ್ತಿದ್ದೆವು. ಕೊನೆಗೆ ಎರಡು ನಿಮಿಷ ಇರುವಾಗ ನಮ್ಮ ಅತಿ ಎತ್ತರದವನು ಐದನೆಯ ಫೌಲ್ ಮಾಡಿ ಹೊರಬಂದ, ಕೋಚ್ ಇವನ ಕಡೆ ಬೆರಳು ತೋರಿಸಿದರು. ಹಿಂದಿನ ಓಣಿಯಲ್ಲಿ ನಾನು ಟವೆಲ್ ಹಿಡಿದು ನಿಂತೆ, ಇಬ್ಬರೂ ಬದಲಾಯಿಸಿಕೊಂಡರು. ಎತ್ತರದವನ ಚಡ್ಡಿ ಇವನ ಮೊಣಕಾಲು ದಾಟಿ ಇಳಿದಿತ್ತು, ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ಪಿನ್ನು ಹಾಕುವ ಹಾಗಿಲ್ಲ. ಜೇಬಿನಲ್ಲಿ ಲಾಕರಿನ ಹೆಸರು ಬರೆಯುವ ಬಿಳಿ ಟೇಪಿತ್ತು. ಸೊಂಟದ ಸುತ್ತ ಮೂರು ಸುತ್ತು ಸುತ್ತಿದೆ.

"ಹೆಸರು ಬರೆಯುವುದಿಲ್ಲವೇ?" ಎಂದ.

"ಸುಮ್ಮನೆ ಹೋಗು ಮಾರಾಯ." ಇದನ್ನು ಕನ್ನಡದಲ್ಲೇ ಹೇಳಿದ್ದೆ. ಅರ್ಥವಾಯಿತು.

ಎರಡು ನಿಮಿಷ ಆಡಿದ. ಒಂದು ಕೈ ಎದುರಾಳಿಯ ಮುಂದೆ, ಒಂದು ಕೈ ಸೊಂಟದ ಮೇಲೆ. ಚೆಂಡು ಒಮ್ಮೆ ಬಂತು. ಎರಡೂ ಕೈಯಲ್ಲಿ ಹಿಡಿದ, ಹಿಡಿದಷ್ಟೇ ಬೇಗ ಪಕ್ಕದವನಿಗೆ ಕೊಟ್ಟು ಸೊಂಟ ಹಿಡಿದುಕೊಂಡ. ಗ್ಯಾಲರಿಯಲ್ಲಿ ನಗು ಎದ್ದಿತು. ಗಂಟೆ ಬಾರಿಸಿದ ಮೇಲೆ ಚಡ್ಡಿ ಹಿಡಿದುಕೊಂಡೇ ನನ್ನ ಕಡೆ ನಡೆದು ಬಂದ.

"ಮುಂದಿನ ವರ್ಷ," ಎಂದ, "ಹನ್ನೆರಡು ತಾ."