ಹೊರಗಿನವಳು ಎಂಬ ಬಾಬ್ತು

ಕಳೆದ ತಿಂಗಳು ಹೊಸಪೇಟೆಯಿಂದ ಸಂಡೂರಿಗೆ ಹೋಗುವ ಬಸ್ಸಿನಲ್ಲಿ ನಾನು ಪ್ರಯಾಣಿಸುತ್ತಿದ್ದಾಗ, ಮುಂದಿನ ಆಸನದಲ್ಲಿದ್ದ ಹೆಣ್ಣುಮಗಳೊಬ್ಬರು ಸೊಳ್ಳೆ ಕಚ್ಚದಿರಲೆಂದು ಕೈಗೆ ನಿಂಬೆಹುಲ್ಲಿನ ಎಣ್ಣೆ ಹಚ್ಚಿಕೊಂಡರು. ಸದರಿ ವಾಸನೆಯು ಕಿಟಕಿಯ ಗಾಳಿಯೊಡನೆ ನನ್ನ ಮುಖಕ್ಕೆ ಬಡಿದ ಕೂಡಲೇ, ಸುಮಾರು ಹನ್ನೆರಡು ವರ್ಷಗಳ ಹಿಂದೆ ನಮ್ಮ ಮನೆಯ ಮೇಲಂತಸ್ತಿನಲ್ಲಿ ಬಾಡಿಗೆಗೆ ಇದ್ದು, ದಿನವೂ ಅದೇ ಎಣ್ಣೆ ಹಚ್ಚಿಕೊಳ್ಳುತ್ತಿದ್ದ ವಿದೇಶಿ ಮಹಿಳೆಯವರು ನೆನಪಾದರೆಂಬುದನ್ನು ಮಾನ್ಯ ಓದುಗರ ಗಮನಕ್ಕೆ ತರಬಯಸುತ್ತೇನೆ. ಮೂವತ್ತೆರಡು ವರ್ಷ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ ನಾನು ಪತ್ರಗಳನ್ನಲ್ಲದೆ ಬೇರೇನನ್ನೂ ಬರೆದವನಲ್ಲ. ಆದುದರಿಂದ ಲೋಪದೋಷಗಳಿದ್ದಲ್ಲಿ ಮನ್ನಿಸಬೇಕಾಗಿ ಕೋರುತ್ತೇನೆ.

ಅವರನ್ನು ನಮ್ಮ ಓಣಿಯವರು ‘ಮ್ಯಾಲಿನಮನಿ ಅಮ್ಮಾರು’ ಎಂದು ಕರೆಯುತ್ತಿದ್ದರು. ಯುರೋಪಿನ ಉತ್ತರಕ್ಕಿರುವ ಚಳಿಯ ದೇಶವೊಂದರಲ್ಲಿ ಗ್ರಂಥಾಲಯದ ನೌಕರಿ ಮಾಡಿ, ಐವತ್ತೆಂಟನೆಯ ವಯಸ್ಸಿನಲ್ಲಿ ಅದನ್ನು ಬಿಟ್ಟು, ಉಳಿಸಿದ ಹಣದಲ್ಲಿ ಒಂದು ವರ್ಷ ಇಲ್ಲಿರಲು ಬಂದಿದ್ದರು. ಹಂಪಿಯನ್ನು ನೋಡಿ ಹೋಗುವ ಇತರರಂತೆ ಅವರು ಪ್ರವಾಸಕ್ಕೆ ಬಂದವರಲ್ಲ. ಸಂಡೂರಿನ ಬಳಿಯ ತಾಂಡಾದ ಅಜ್ಜಿಯೊಬ್ಬರಿಂದ ಲಂಬಾಣಿ ಕಸೂತಿ ಕಲಿಯುವುದು ಅವರ ಉದ್ದೇಶವಾಗಿತ್ತು. ವಾರಕ್ಕೆ ಮೂರು ದಿನ ಬೆಳಗಿನ ಬಸ್ಸು ಹತ್ತಿ, ಅದಿರಿನ ಲಾರಿಗಳ ಹಿಂದೆ ಕೆಂಧೂಳು ಕುಡಿಯುತ್ತಾ ಹೋಗಿ, ಸಂಜೆ ಹುಬ್ಬಿನವರೆಗೂ ಕೆಂಪಾಗಿ ಬರುತ್ತಿದ್ದರು. ಒಂದು ಚೌಕ ಬಟ್ಟೆ, ಅದಕ್ಕೆ ನಾಲ್ಕು ಮೂಲೆ. ನಾಲ್ಕೂ ಮೂಲೆಗಳನ್ನು ತುಂಬಿಸಿದ ನಂತರವೇ ಕಲಿತಂತೆ ಎಂದು ಆ ಅಜ್ಜಿ ಹೇಳಿದ್ದರಂತೆ.

ಯುಗಾದಿ ಮುಗಿದ ವಾರ ಅವರು ಮನೆ ಕೇಳಿಕೊಂಡು ಬಂದಾಗ, ನಮ್ಮ ಓಣಿಯಲ್ಲಿ ಅಂತಹ ಮನೆಗೆ ನಾಲ್ಕು ಸಾವಿರ ರೂಪಾಯಿ ಬಾಡಿಗೆ ಇತ್ತು. ನಾನು ಆರೂವರೆ ಸಾವಿರ ಹೇಳಿದೆ. ಅವರು ಒಪ್ಪಿದರು. ಆ ರಾತ್ರಿ ಊಟಕ್ಕೆ ಬಡಿಸುವಾಗ ನನ್ನ ಹೆಂಡತಿ, “ಆ ಎಲ್ಡೂವರಿ ಸಾವ್ರ ಯಾತಕ್ಕರಿ? ಬಿಳಿ ಮೈಬಣ್ಣಕ್ಕೇನು?” ಎಂದು ಕೇಳಿದ್ದಳು. ಅವರ ದೇಶದಲ್ಲಿ ಅದು ಎರಡು ಹೊತ್ತಿನ ಊಟದ ಬೆಲೆಯೂ ಅಲ್ಲವೆಂದು ನಾನು ಸಮಜಾಯಿಷಿ ನೀಡಿದೆ.

ಬಂದ ಹೊಸದರಲ್ಲಿ ಅವರೂ ಅದೇ ತಪ್ಪನ್ನು ಮಾಡಿದ್ದರು. ಪ್ರತಿ ಬೆಲೆಯನ್ನೂ ತಮ್ಮ ದೇಶದ ಹಣಕ್ಕೆ ತಿರುಗಿಸಿ ನೋಡಿ, ಎಲ್ಲವೂ ಅಗ್ಗವೆಂದು ಭಾವಿಸಿ, ಬಾಟಲಿಯ ನೀರು, ಬಾಡಿಗೆ ಕಾರು, ಡಬ್ಬಿಯ ಚೀಸು ಎಂದು ಮೊದಲ ತಿಂಗಳಲ್ಲಿಯೇ ಎರಡು ತಿಂಗಳ ಹಣವನ್ನು ಮುಗಿಸಿದ್ದರು. ನಂತರ ಒಂದು ದಿನ ಖಾಲಿ ನೋಟುಪುಸ್ತಕ ಹಿಡಿದು ಕೆಳಗೆ ಬಂದು, ತಿಂಗಳ ಖರ್ಚನ್ನು ಕನ್ನಡದಲ್ಲಿಯೇ ಬರೆಯಬೇಕೆಂದಿದ್ದೇನೆ, ಕಲಿಸಿಕೊಡಿ ಎಂದರು. ನಾನು ಸಂತೋಷದಿಂದ ಗೆರೆ ಹಾಕಿಕೊಟ್ಟೆ. ಮನೆ ಬಾಬ್ತು, ಊಟದ ಬಾಬ್ತು, ಬಸ್ಸಿನ ಬಾಬ್ತು, ಸೂಜಿ-ದಾರದ ಬಾಬ್ತು... ‘ಬಾಬ್ತು’ ಎಂಬ ಪದವನ್ನು ಅವರಿಗೆ ಕಲಿಸಿದವನು ನಾನೇ.

ತದನಂತರ ಅವರು ಬದುಕಿದ ರೀತಿಯನ್ನು ನಾನು ಇಂದಿಗೂ ಬೆರಗಿನಿಂದ ನೆನೆಯುತ್ತೇನೆ. ಕುಡಿಯುವ ನೀರಿಗೆ ಮಣ್ಣಿನ ಕೊಡ ತಂದು, ಕಾಯಿಸಿ ಆರಿಸಿ ತುಂಬಿಸುತ್ತಿದ್ದರು. ಓಣಿಯ ಕೊನೆಯಲ್ಲಿ ರೊಟ್ಟಿ ಬಡಿದು ಮಾರುವವರಿಂದ ದಿನಕ್ಕೆ ಎಣಿಸಿ ಮೂರು ಜೋಳದ ರೊಟ್ಟಿ ಒಯ್ಯುತ್ತಿದ್ದರು. ಅಕ್ಕಿಯನ್ನು ಮಾತ್ರ ಕಂಪ್ಲಿಯ ಕಡೆಯಿಂದ ಬರುವ ಚೀಲದಲ್ಲಿ ನಮ್ಮೊಡನೆ ಪಾಲು ಹಾಕಿ ಕೊಳ್ಳುತ್ತಿದ್ದರು. ಇಷ್ಟಾಗಿಯೂ ಅವರದು ಜಿಪುಣತನವಾಗಿರಲಿಲ್ಲ. ಅಜ್ಜಿಗೆ ಎಲೆಅಡಿಕೆ ಒಯ್ಯುವುದನ್ನು ಒಂದು ದಿನವೂ ತಪ್ಪಿಸಲಿಲ್ಲ, ಅದಕ್ಕೂ ಒಂದು ಬಾಬ್ತು ಇತ್ತು. ಯಾವುದು ತಮಗೆ ಮುಖ್ಯ ಎಂಬುದನ್ನು ಮೊದಲೇ ನಿರ್ಧರಿಸಿಕೊಂಡವರಿಗೆ ಮಿಕ್ಕದ್ದನ್ನು ಬಿಡುವುದು ಎಷ್ಟು ಸುಲಭ ಎಂಬುದನ್ನು ನಾನು ಅವರಿಂದ ಕಂಡೆ.

ಮಾತನ್ನು ಅವರು ಕಲಿತದ್ದು ಕಾಯಿಪಲ್ಯದ ಸಂತೆಯಲ್ಲಿ. ಒಮ್ಮೆ ನಾನು ಜೊತೆಗಿದ್ದಾಗ ಬದನೆಕಾಯಿ ಮಾರುವ ಹೆಂಗಸು, “ಏ ಯಮ್ಮಾ, ಹಂಗ್ಯಾಕ ಒತ್ತಿ ನೋಡ್ತೀ? ಅದೇನು ನಿನ್ನ ಸೊಸಿ ಗಲ್ಲ ಏನು?” ಎಂದು ಛೇಡಿಸಿದಳು. ಇವರು ಬದನೆಕಾಯಿಯನ್ನು ಬಿಡದೆಯೇ, “ನನಗ ಸೊಸಿ ಇಲ್ಲಬೇ, ಅದಕ್ಕ ಇದನ್ನ ಒತ್ತಾಕತ್ತೀನಿ. ರೇಟು ಸರಿ ಹೇಳು” ಎಂದರು. ಸುತ್ತಲಿನವರೆಲ್ಲ ನಕ್ಕರು. ಆ ಹೆಂಗಸು ನಗುತ್ತಲೇ, “ತೊಗೊಳವ್ವ ತೊಗೋ, ನೀನೂ ನಮ್ಮೂರಾಕೀನ ಆದಿ” ಎಂದು ಎರಡು ಕಾಯಿ ಹೆಚ್ಚಿಗೆ ಹಾಕಿದಳು.

ಎಳ್ಳಮಾವಾಸ್ಯೆಯ ಸುಮಾರಿಗೆ ಅವರು ನೋಟುಪುಸ್ತಕವನ್ನು ಕೆಳಗೆ ತಂದು, ಬರೆದದ್ದರಲ್ಲಿ ತಪ್ಪಿದ್ದರೆ ತಿದ್ದಿಕೊಡಿ ಎಂದು ಕೊಟ್ಟರು. ಕಸೂತಿಯ ಮೂರು ಮೂಲೆ ಮುಗಿದಿದ್ದವು. ನಾಲ್ಕನೆಯದಕ್ಕೆ ಯುಗಾದಿಯವರೆಗೆ ಇರಬೇಕಾಗಿತ್ತು. ಆದರೆ ಹಣ ಸಾಲದೆಂದು ಹೇಳಿದರು.

“ಒಂದ ತಿಂಗಳಿಗೆ ಕಡಿಮಿ ಬೀಳ್ತತಿ ಅಣ್ಣಾರ. ಸಂಕ್ರಾಂತಿ ಆದ ಮ್ಯಾಲ ಒಂದ ವಾರ ನೋಡ್ತೀನಿ. ದಾರಿ ಕಾಣಲಿಲ್ಲಂದ್ರ ಟಿಕೀಟು ತೊಗೋತೀನಿ.”

ಅವರು ಮೇಲೆ ಹೋದ ನಂತರ ನಾನು ಪುಟ ತಿರುವಿದೆ. ಕೊನೆಯ ಅಂಕಣದ ತಲೆಯ ಮೇಲೆ ‘ಹೊರಗಿನವಳು ಬಾಬ್ತು’ ಎಂದು ದುಂಡಗೆ ಬರೆದಿದ್ದರು. ಹೊರಗಿನವಳೆಂಬ ಕಾರಣಕ್ಕೆ ತಾವು ಹೆಚ್ಚಾಗಿ ತೆತ್ತ ಹಣವೆಲ್ಲ ಅಲ್ಲಿತ್ತು. ಮೊದಲ ತಿಂಗಳಲ್ಲಿ ಆಟೋ, ಹಂಪಿಯ ಎಳನೀರು, ಕಾಯಿಪಲ್ಯ, ಇಸ್ತ್ರಿ, ಹಾಲು, ಮನೆ. ತಿಂಗಳು ಕಳೆದಂತೆ ಪಟ್ಟಿ ಚಿಕ್ಕದಾಗುತ್ತಾ ಬಂದಿತ್ತು. ಶ್ರಾವಣದಲ್ಲಿ ಹಾಲಿನವನು ಪಟ್ಟಿಯಿಂದ ಬಿಟ್ಟುಹೋಗಿದ್ದ. ದಸರೆಗೆ ಆಟೋದವರು, ದೀಪಾವಳಿಗೆ ಎಳನೀರಿನವನೂ ಇರಲಿಲ್ಲ. ಕಡೆಯ ಎರಡು ತಿಂಗಳಲ್ಲಿ ಉಳಿದದ್ದು ಒಂದೇ ಸಾಲು. ಮನೆ, ಎರಡು ಸಾವಿರದ ಐನೂರು.

ಊರಿನ ಮಂದಿಯೆಲ್ಲ ಅವರನ್ನು ಒಳಗಿನವರೆಂದು ಒಪ್ಪಿಕೊಂಡಾಗಿತ್ತು. ಅವರೊಡನೆ ಒಂದೇ ಸೂರಿನಡಿ ಇದ್ದ ನಾನೊಬ್ಬ ಒಪ್ಪಿರಲಿಲ್ಲ... ಅವರು ಬೇಕೆಂದೇ ತೋರಿಸಿದರೋ, ನಿಜವಾಗಿಯೂ ಕಾಗುಣಿತಕ್ಕಾಗಿ ಕೊಟ್ಟರೋ, ನನಗೆ ಇಂದಿಗೂ ತಿಳಿದಿಲ್ಲ. ಪುಸ್ತಕದಲ್ಲಿ ತಿದ್ದುವಂತಹ ಒಂದು ತಪ್ಪೂ ಇರಲಿಲ್ಲ.

ಸಂಕ್ರಾಂತಿಯ ತಿಂಗಳೂ ಸೇರಿ ಹತ್ತು ತಿಂಗಳಿಗೆ ಇಪ್ಪತ್ತೈದು ಸಾವಿರ. ಅಷ್ಟಿದ್ದರೆ ಅವರು ಯುಗಾದಿಯವರೆಗೆ ಇರಬಹುದಾಗಿತ್ತು. ಹಣ ನನ್ನ ಬಳಿ ಇರಲಿಲ್ಲವೇ ಎಂದರೆ, ಇತ್ತು. ಮಾರನೆಯ ದಿನವೇ ಬ್ಯಾಂಕಿನಿಂದ ತೆಗೆದು ತಂದು ಕಪಾಟಿನಲ್ಲಿಟ್ಟೆ. ಆದರೆ ಬರೀ ಹಣವನ್ನಷ್ಟೇ ಕೊಡುವುದು ನನಗೆ ಸರಿಯೆನಿಸಲಿಲ್ಲ. ಜೊತೆಗೊಂದು ಪತ್ರವಿರಬೇಕು, ಅದರಲ್ಲಿ ಕಾರಣ ನಮೂದಾಗಿರಬೇಕು, ನನ್ನ ಮರ್ಯಾದೆಗೂ ಕುಂದು ಬರಬಾರದು. ‘ಹೆಚ್ಚುವರಿಯಾಗಿ ಸ್ವೀಕೃತವಾದ ಬಾಡಿಗೆಯನ್ನು ಹಿಂದಿರುಗಿಸುವ ಬಗ್ಗೆ’ ಎಂದು ವಿಷಯ ಬರೆದೆ. ‘ಕಣ್ತಪ್ಪಿನಿಂದ’ ಎಂದು ಬರೆದರೆ ಸುಳ್ಳಾಗುತ್ತಿತ್ತು. ‘ದುರಾಸೆಯಿಂದ’ ಎಂದು ಬರೆಯಲು ಕೈ ಬರಲಿಲ್ಲ. ಒಂದು ಕರಡು ಹರಿದೆ, ಇನ್ನೊಂದು ಬರೆದೆ, ಅದನ್ನೂ ಹರಿದೆ. ಕಚೇರಿಯಲ್ಲಿ ಕಡತಗಳು ಮೂರು ವಾರ ಮೇಜಿನ ಮೇಲಿದ್ದರೆ ಯಾರೂ ಕೇಳುತ್ತಿರಲಿಲ್ಲ. ಮೂರು ವಾರವೆಂದರೆ ತಡವೆಂದೇ ನನಗೆ ಅನಿಸುತ್ತಿರಲಿಲ್ಲ.

ಕೊನೆಗೆ ಹೆಂಡತಿಯೇ ಸಿಡುಕಿದಳು. “ಮ್ಯಾಲ ಹತ್ತಾಕ ಹದಿನಾಕು ಮೆಟ್ಲು ಅದಾವ. ಅದಕ್ಕೂ ಅರ್ಜಿ ಬೇಕೇನ್ರಿ ನಿಮಗ? ಊರಾಗಿನವ್ರೆಲ್ಲಾ ಸರಿ ರೇಟಿಗೆ ಬಂದ್ರು, ನೀವೊಬ್ರ ಉಳ್ಕೊಂಡ್ರಿ ನೋಡ್ರಿ!”

ಅಂದು ಸಂಜೆ ಕಡೆಯ ಕರಡನ್ನೇ ಹಣದೊಡನೆ ಲಕೋಟೆಗೆ ಹಾಕಿಕೊಂಡು ನಾನು ಹತ್ತಿದೆ. ಅವರು ಬಾಗಿಲ ಬೆಳಕಿಗೆ ಕುಳಿತು ಹೊಲಿಯುತ್ತಿದ್ದರು. “ಬರ್ರಿ ಅಣ್ಣಾರ, ಕುಂದ್ರಿ” ಎಂದರು. ನಾನು ನಿಂತೇ ಲಕೋಟೆ ಕೊಟ್ಟೆ. ಅವರು ಪತ್ರವನ್ನು ಬೆರಳಿಟ್ಟು, ಅಕ್ಷರ ಕೂಡಿಸಿಕೊಂಡು, ಪೂರ್ತಿ ಓದಿದರು. ಆಮೇಲೆ ಮೆಲ್ಲಗೆ ನಕ್ಕರು.

“ಚಂದ ಬರದೀರಿ. ಇಷ್ಟ ಬರಿಯಾಕ ಭಾಳ ದಿನ ಹಿಡೀತೇನ್ರಿ?”

“ಮೂರು ವಾರ” ಎಂದೆ.

“ನಾನು ಹ್ವಾದ ವಾರ ಟಿಕೀಟು ತೊಗೊಂಡೆ” ಎಂದರು. “ಅಗ್ಗದ್ದು. ಬದ್ಲಿ ಮಾಡಾಕ ಬರಂಗಿಲ್ಲ.”

ನಾಲ್ಕನೆಯ ಮೂಲೆಯನ್ನು ಅಜ್ಜಿಯಿಂದಲೇ ಮಾಡಿಸಿ, ಕೂಲಿ ನಾನು ಕೊಡುತ್ತೇನೆ ಎಂದು ತೊದಲಿದೆ. ಅವರು ತಲೆಯಾಡಿಸಿದರು. “ಬ್ಯಾಡ್ರಿ. ಅದು ನನ್ನ ಕೈಲೇ ಆಗಬೇಕು.”

ಹಣವನ್ನು ಅವರು ಬೇಡವೆನ್ನಲಿಲ್ಲ. ನನ್ನನ್ನು ಸಮಾಧಾನಪಡಿಸಲೂ ಇಲ್ಲ, ಚುಚ್ಚಲೂ ಇಲ್ಲ. ಎಣಿಸಿಕೊಂಡು, ನೋಟುಪುಸ್ತಕ ತೆರೆದು ಆ ಕೊನೆಯ ಅಂಕಣದಲ್ಲಿ ಬರೆದು, ನನ್ನ ಕಡೆಗೆ ತಿರುಗಿಸಿದರು. “ಸೊನ್ನಿ ಆತು ನೋಡ್ರಿ” ಎಂದಾಗ ಅವರ ಮುಖದಲ್ಲಿದ್ದ ಹಿಗ್ಗನ್ನು ವರ್ಣಿಸಲು ನನ್ನಲ್ಲಿ ಪದಗಳಿಲ್ಲ. ಅಂತಹ ಹಿಗ್ಗಿಗೆ ನಾನು ಅರ್ಹನಾಗಿರಲಿಲ್ಲ.

ಹದಿನೈದು ದಿನಗಳ ನಂತರ ಅವರು ಹೊರಟರು. ಅಲ್ಲಿಂದ ಕನ್ನಡದಲ್ಲಿ ವರ್ಷಕ್ಕೊಂದು ಪತ್ರ ಬರುತ್ತಿತ್ತು. ಚಳಿಗೆ ಬೆರಳು ಮಡಚುವುದಿಲ್ಲ, ಹೊಲಿಗೆ ಸಡಿಲಾಗುತ್ತದೆ, ಬಿಚ್ಚಿ ಮತ್ತೆ ಹಾಕುತ್ತಿದ್ದೇನೆ ಎಂದು ಬರೆಯುತ್ತಿದ್ದರು. ಎಲ್ಲ ಖರ್ಚು ಹೊಂದಿಸಿ ಇನ್ನೊಮ್ಮೆ ಬರುವ ಆಲೋಚನೆಯಿದೆ ಎಂದೂ ಒಮ್ಮೆ ಬರೆದಿದ್ದರು... ಆಮೇಲೆ ಪತ್ರಗಳು ನಿಂತವು.

ಈ ವಾರ ಅವರ ತಂಗಿಯವರಿಂದ ಇಂಗ್ಲಿಷಿನಲ್ಲಿ ಒಂದು ಪತ್ರ ಬಂದಿದೆ. ಅಕ್ಕ ಚಳಿಗಾಲದಲ್ಲಿ ತೀರಿಕೊಂಡರು, ಅವರ ಸಾಮಾನುಗಳಲ್ಲಿ ಒಂದು ಬಟ್ಟೆಯಿದೆ, ಮೂರು ಮೂಲೆಯಲ್ಲಿ ಕನ್ನಡಿ ಮತ್ತು ದಾರದ ಕೆಲಸವಿದ್ದು, ನಾಲ್ಕನೆಯದರಲ್ಲಿ ಬರೀ ಸೂಜಿಯ ತೂತುಗಳಿವೆ, ಇದು ಏನೆಂದು ತಿಳಿಸುವಿರಾ ಎಂದು ಕೇಳಿದ್ದಾರೆ. ಪತ್ರ ಕೈಸೇರಿದ ದಿನವೇ ಉತ್ತರ ಬರೆದು, ನಾನೇ ಅಂಚೆ ಕಚೇರಿಗೆ ನಡೆದು ಹಾಕಿ ಬಂದೆ. ಅದು ಏನೆಂಬುದನ್ನು ಬರೆದೆ. ನಾಲ್ಕನೆಯ ಮೂಲೆ ಯಾಕೆ ಹಾಗಿದೆ ಎಂಬುದನ್ನೂ ಬರೆದೆ.